ಅಪರಿಚಿತರೆಲ್ಲರಿಗೂ ಒಂದೇ ಭಂಡಾರ



ಒಂದು ಯಂತ್ರದ ಡಿಸ್ಕಿನಲ್ಲಿ ಹಿಡಿಸಲಾರದಷ್ಟು ಕಡತಗಳನ್ನು ಹತ್ತಾರು ಸರ್ವರ್‌ಗಳಲ್ಲಿ ಹಂಚಿಟ್ಟು, ಬಳಸುವವನ ಕಣ್ಣಿಗೆ ಅವೆಲ್ಲವೂ ಒಂದೇ ಭಂಡಾರವೆಂಬಂತೆ ತೋರಿಸುವ ಮುಕ್ತ ತಂತ್ರಾಂಶಗಳಲ್ಲಿ ಗ್ಲಸ್ಟರ್ ಎಫ್ಎಸ್ ಪ್ರಸಿದ್ಧವಾದುದು. ಇದನ್ನು ರೂಪಿಸಿದ, ಆನಂದ್ ಬಾಬು ಪೆರಿಯಸಾಮಿಯವರ ಗ್ಲಸ್ಟರ್ ಸಂಸ್ಥೆ ಅಮೆರಿಕದ್ದಾದರೂ, ಇದರ ರಚನಾಕಾರ್ಯದ ದೊಡ್ಡ ಪಾಲು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಸಂತೋಷದ ಸಂಗತಿ. ಯಾವ ಕಡತ ಎಲ್ಲಿದೆಯೆಂದು ಬರೆದಿಡುವ ಕೇಂದ್ರ ಸೂಚಿ ಇದಕ್ಕಿಲ್ಲ. ಕಡತದ ಹೆಸರನ್ನೇ ಗಣಿತಸೂತ್ರಕ್ಕೆ ಒಳಪಡಿಸಿ, ದೊರೆತ ಸಂಖ್ಯೆ ಯಾವ ಸರ್ವರಿನ ಪಾಲಿಗೆ ಬೀಳುವುದೋ ಅಲ್ಲಿಗೆ ನೇರವಾಗಿ ಹೋಗುವುದು ಇದರ ಕ್ರಮ. ಸೂಚಿಯೇ ಇಲ್ಲದಿರುವಲ್ಲಿ ಸೂಚಿ ಕೆಟ್ಟು ಭಂಡಾರವೆಲ್ಲ ಸ್ತಬ್ಧವಾಗುವ ಭಯವೂ ಇಲ್ಲವಷ್ಟೆ.

ಆದರೆ ಈ ವ್ಯವಸ್ಥೆ ಒಂದೇ ಮನೆತನದವರ ಪರಸ್ಪರ ವಿಶ್ವಾಸವನ್ನು ನೆಚ್ಚಿ ಕಟ್ಟಿದುದು. ಇಂತಹ ಭಂಡಾರವನ್ನು ಅನೇಕರಿಗೆ ಬಾಡಿಗೆಗೆ ಕೊಡುವ ಕ್ಲೌಡ್ ಎಂಬುದಾದರೋ ಒಬ್ಬರನ್ನೊಬ್ಬರು ಅರಿಯದ ಬಾಡಿಗೆದಾರರು ತುಂಬಿದ ವಠಾರ. ಸರ್ವರು ಬಳಕೆದಾರನನ್ನು ಗುರುತಿಸುವುದು ಒಂದು ಸಂಖ್ಯೆಯಿಂದ. ಆ ಸಂಖ್ಯೆಯನ್ನು ಹೇಳುವುದೋ ಬಳಕೆದಾರನ ಯಂತ್ರವೇ. ಎರಡು ಸಂಸ್ಥೆಗಳಲ್ಲಿ 1000 ಎಂಬ ಸಂಖ್ಯೆಯ ಇಬ್ಬರಿದ್ದರೆ, ಒಬ್ಬನ ಕಡತವನ್ನು ಇನ್ನೊಬ್ಬನು ತನ್ನದೆಂಬಂತೆ ತೆರೆಯಲು ತಡೆಯೇನು? ಸ್ಥಳವೆಷ್ಟು ವಿಶಾಲವಾಗಿದ್ದರೂ ಈ ಪ್ರಶ್ನೆಗೆ ಉತ್ತರವಿಲ್ಲದ ಭಂಡಾರವನ್ನು ಸಾರ್ವಜನಿಕರಿಗೆ ತೆರೆದಿಡುವುದು ಯೋಗ್ಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಈ ಕೊರತೆಯನ್ನು ತುಂಬಲು 2011ರ ಸುಮಾರಿಗೆ ರೆಡ್ ಹ್ಯಾಟ್ ಸಂಸ್ಥೆಯ ಜೆಫ್ ಡಾರ್ಸಿಯವರು ಕೈಗೊಂಡ ಕಾರ್ಯ ಮೊದಲು ಕ್ಲೌಡ್ ಎಫ್ಎಸ್ ಎಂದೂ ಅನಂತರ ಹೆಕಾ ಎಫ್ಎಸ್ ಎಂದೂ ಹೆಸರಾಯಿತು. ಗ್ಲಸ್ಟರ್ ಎಫ್ಎಸ್‌ನ ಒಂದೊಂದು ಕಾರ್ಯವೂ ಒಂದರ ಮೇಲೊಂದಾಗಿ ಪೇರಿಸಿದ ಪದರವಾಗಿರುವುದರಿಂದ, ಮೂಲವನ್ನು ಕೆಡಹದೆ ನಡುವೆ ಹೊಸ ಪದರಗಳನ್ನು ಸೇರಿಸುವುದು ಸಾಧ್ಯವಾಯಿತು. ಪ್ರತಿಯೊಬ್ಬ ಬಾಡಿಗೆದಾರನಿಗೂ ಪ್ರತ್ಯೇಕ ಕೋಶ, ಅವನ ಸಂಖ್ಯೆಗಳನ್ನು ಇತರರವುಗಳೊಡನೆ ಬೆರೆಯದಂತೆ ಬದಲಿಸುವ ಪದರ, ತಂತಿಯ ಮೇಲೆ ಸಾಗುವ ದತ್ತಾಂಶಕ್ಕೆ ಗೂಢಲಿಪಿಯ ಕವಚ, ಇವೆಲ್ಲ ಹೀಗೆ ಬಂದುವು.

ಎಲ್ಲಕ್ಕಿಂತ ಕಠಿನವಾದುದು ಡಿಸ್ಕಿನಲ್ಲಿ ಉಳಿಯುವ ದತ್ತಾಂಶದ ರಕ್ಷಣೆ. ಭಂಡಾರದ ಒಡೆಯನಿಗೂ ಅದು ಓದಲಾಗದಿರಬೇಕಾದರೆ, ಬಾಡಿಗೆದಾರನ ಯಂತ್ರದಲ್ಲಿಯೇ ಗೂಢಲಿಪಿಗೆ ಪರಿವರ್ತಿತವಾಗಿ ಹೊರಡಬೇಕು, ಕೀಲಿಯೂ ಅವನಲ್ಲಿಯೇ ಉಳಿಯಬೇಕು. ಗೂಢಲಿಪಿಯ ವಿಧಾನವಾದರೋ ದತ್ತಾಂಶವನ್ನು ನಿಯತ ಗಾತ್ರದ ತುಂಡುಗಳಾಗಿ ಹಿಡಿಯುತ್ತದೆ. ಆದುದರಿಂದ ನಾಲ್ಕಾರು ಅಕ್ಷರಗಳನ್ನು ತಿದ್ದಬೇಕೆಂದರೂ ಇಡೀ ತುಂಡನ್ನು ತರಿಸಿ, ಬಿಡಿಸಿ, ತಿದ್ದಿ, ಮತ್ತೆ ಗೂಢವಾಗಿಸಿ ಕಳುಹಬೇಕು. ಅದೇ ತುಂಡನ್ನು ಅದೇ ಕ್ಷಣದಲ್ಲಿ ಇನ್ನೊಂದು ಯಂತ್ರವೂ ತಿದ್ದುತ್ತಿದ್ದರೆ, ಒಂದರ ಬರಹ ಇನ್ನೊಂದನ್ನು ಅಳಿಸಿಬಿಟ್ಟೀತು. ಇಂತಹ ಘರ್ಷಣೆಯನ್ನು ಕಂಡುಹಿಡಿದು ಸರದಿಗೆ ತರುವ ಕಾರ್ಯಕ್ಕೆ ಬೇಕಾದ ತಾಳ್ಮೆ ಅಷ್ಟಿಷ್ಟಲ್ಲ.

2011ರ ಅಕ್ಟೋಬರಿನಲ್ಲಿ ಗ್ಲಸ್ಟರ್ ಸಂಸ್ಥೆಯನ್ನೇ ರೆಡ್ ಹ್ಯಾಟ್ ಕೊಂಡುಕೊಂಡ ಮೇಲೆ ಮೂಲವೂ ಮಾರ್ಪಾಡೂ ಒಂದೇ ಆಶ್ರಯಕ್ಕೆ ಬಂದುವು. ಹೆಕಾ ಎಫ್ಎಸ್ ಬೇರೆಯಾಗಿ ಬೆಳೆಯಲಿಲ್ಲವಾದರೂ, 2014ರಲ್ಲಿ ಹೊರಬಂದ ಗ್ಲಸ್ಟರಿನ 3.5ನೆಯ ಆವೃತ್ತಿಯಲ್ಲಿ ಡಿಸ್ಕಿನ ಗೂಢಲೇಖನ ಪ್ರಾಯೋಗಿಕವಾಗಿ ಸ್ಥಾನ ಪಡೆಯಿತು.