ಕಾನೂನಿಲ್ಲದ ಬಂದರಿನಿಂದ ಒಂದು ಪಾತ್ರ



ಈ ಸಂಕಿರಣದ ವಿಷಯ ಪಾತ್ರಸೃಷ್ಟಿ. ನಾವು ಚರ್ಚಿಸಲಿರುವುದು ಓದುವ ಪಾತ್ರವನ್ನಲ್ಲ, ಆಡುವ ಪಾತ್ರವನ್ನು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟ ಇದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದ ಮೇಲೆ ಅಮೆರಿಕದಲ್ಲಿ ಈ ಬಗೆಯ ಆಟ ಬೇರೂರಿತು. ತಾಳಮದ್ದಳೆ ಕೇಳಿದವರಿಗೆ ಇದು ತೀರ ಹೊಸದೆನಿಸಲಾರದು. ವೇಷವಿಲ್ಲದೆ, ಕುಣಿತವಿಲ್ಲದೆ, ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ. ಎದುರಿನವನ ಮಾತಿಗೆ ಆ ಕ್ಷಣದಲ್ಲಿ ಮಾತು ಹೂಡುತ್ತಾನೆ. ಆದರೆ ಕರ್ಣನ ಹುಟ್ಟು, ಋಣ, ಸಾವು ಮೂರೂ ಸಭೆಗೆ ಮೊದಲೇ ಗೊತ್ತು. ಈ ಆಟದಲ್ಲಿ ಪಾತ್ರದ ಪೂರ್ವಕಥೆಯನ್ನು ಆಟಗಾರರೇ ಕಟ್ಟಿಕೊಳ್ಳಬೇಕು. ಮುಂದಿನ ಕಥೆ ಯಾರಿಗೂ ಗೊತ್ತಿರುವುದಿಲ್ಲ.

ಪೂರ್ವಕಥೆ ಕಟ್ಟುವುದು ಹೇಗೆ? ಒಂದು ಊರನ್ನು ಇಟ್ಟುಕೊಂಡು ನೋಡೋಣ. ಅದರ ಹೆಸರು ಸ್ಕಲ್‌ಪೋರ್ಟ್. ಕೆನಡಾದ ಎಡ್ ಗ್ರೀನ್‌ವುಡ್ ಕಲ್ಪಿಸಿದ, 1987ರಲ್ಲಿ ಆಟದ ಜಗತ್ತಾಗಿ ಪ್ರಕಟವಾದ ‘ಫರ್ಗಾಟನ್ ರೆಲ್ಮ್ಸ್’ನಲ್ಲಿ ವಾಟರ್‌ಡೀಪ್ ಎಂಬ ದೊಡ್ಡ ಬಂದರು ನಗರವಿದೆ. ಅದರ ಅಡಿಯಲ್ಲಿ ಹಾಲಾಸ್ಟರ್ ಎಂಬ ಹುಚ್ಚು ಮಾಂತ್ರಿಕನ ನೆಲಮಾಳಿಗೆಗಳ ಜಾಲ, ಅಂಡರ್‌ಮೌಂಟನ್. ಅದರೊಳಗೆ, ಸಾರ್ಗೌತ್ ಎಂಬ ನೆಲದಡಿಯ ನದಿಯ ದಂಡೆಯಲ್ಲಿ ಸ್ಕಲ್‌ಪೋರ್ಟ್. ಜೋಸೆಫ್ ವುಲ್ಫ್ 1999ರಲ್ಲಿ ಈ ಊರಿಗಾಗಿಯೇ ಒಂದು ಪುಸ್ತಕ ಬರೆದರು. ಮೇಲಿನ ನಗರದಲ್ಲಿ ಲಿಖಿತ ಕಾನೂನಿದೆ, ಅಲ್ಲಿ ಗುಲಾಮರ ವ್ಯಾಪಾರ ಅಪರಾಧ. ಮೇಲೆ ಮಾರಲಾಗದ್ದೆಲ್ಲ ಕೆಳಗೆ ಬಿಕರಿಯಾಗುತ್ತದೆ, ಮನುಷ್ಯರೂ ಸೇರಿ.

ಇಂಥ ಊರಿನ ಪಾತ್ರ ಎಂದೊಡನೆ ಹೊಸ ಆಟಗಾರರು ಬರೆದುಕೊಳ್ಳುವುದು ಬಹುತೇಕ ಒಂದೇ. ಅಪ್ಪ ಅಮ್ಮ ಇಲ್ಲ, ಯಾರನ್ನೂ ನಂಬುವುದಿಲ್ಲ, ಸೊಂಟದಲ್ಲಿ ಎರಡು ಚೂರಿ, ಕಣ್ಣಲ್ಲಿ ಸೇಡು. ನನಗೆ ತೋರುವಂತೆ ಅಂಥವನು ಸ್ಕಲ್‌ಪೋರ್ಟಿನಲ್ಲಿ ಒಂದು ವಾರವೂ ಬದುಕಲಾರ. ಕಾನೂನಿಲ್ಲದ ಊರಿನಲ್ಲಿ ಒಂಟಿಯಾಗಿರುವುದು ಯಾರಿಗೂ ಕೈಗೆಟುಕದ ಐಷಾರಾಮ. ಪೊಲೀಸು, ಕೋರ್ಟು ಇರುವಲ್ಲಿ ಅಪರಿಚಿತನನ್ನೂ ಅಷ್ಟಿಷ್ಟು ನಂಬಬಹುದು. ಅವಿಲ್ಲದ ಕಡೆ ಪ್ರತಿಯೊಬ್ಬರಿಗೂ ಬೆನ್ನಿಗೆ ಒಬ್ಬರು ಬೇಕು, ಆ ಬೆನ್ನಿಗೆ ಬೆಲೆಯೂ ಇರುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1724ರಲ್ಲಿ ಲಂಡನ್ನಿನಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಎಂಬ ಹೆಸರಿನಲ್ಲಿ ಬಂದ ಕಡಲ್ಗಳ್ಳರ ಚರಿತ್ರೆಯಲ್ಲಿ ಬಾರ್ತಲೊಮ್ಯೂ ರಾಬರ್ಟ್ಸ್‌ನ ಹಡಗಿನ ಕರಾರುಗಳಿವೆ. ಮುಖ್ಯ ವಿಷಯಗಳಲ್ಲಿ ಪ್ರತಿಯೊಬ್ಬನಿಗೂ ಮತ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಕೈಕಾಲು ಕಳೆದುಕೊಂಡವನಿಗೆ ಪರಿಹಾರ. ಹಣ ಕಟ್ಟಿ ಇಸ್ಪೀಟು, ದಾಳ ಆಡುವಂತಿಲ್ಲ. ರಾಜನ ಕಾನೂನನ್ನು ಧಿಕ್ಕರಿಸಿ ಹೋದವರೇ ತಮ್ಮೊಳಗೆ ಇಷ್ಟು ಕಟ್ಟಳೆ ಮಾಡಿಕೊಂಡರು. ಸ್ಕಲ್‌ಪೋರ್ಟಿನಲ್ಲೂ ಹಾಗೆಯೇ. ಹಳೆಯ ಪುಸ್ತಕಗಳಲ್ಲಿ ಊರಿನ ಶಿಸ್ತು ಕಾಯುವುದು ಗಾಳಿಯಲ್ಲಿ ತೇಲುವ ತಲೆಬುರುಡೆಗಳು. 2018ರ ‘ಡಂಜನ್ ಆಫ್ ದ ಮ್ಯಾಡ್ ಮೇಜ್’ ಪುಸ್ತಕದ ಹೊತ್ತಿಗೆ ಊರು ಝನಾಥಾರ್ ಎಂಬ ಪಾತಕಿಯ ಗ್ಯಾಂಗಿನ ಹಿಡಿತದಲ್ಲಿದೆ. ನಿಯಮಗಳು ಅಲ್ಲೂ ಇವೆ, ಆದರೆ ಅವಕ್ಕೆ ಮಾಲೀಕರಿದ್ದಾರೆ.

ಹಾಗಾಗಿ ಪಾತ್ರಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ ‘ನೀನು ಏನು ಕದ್ದೆ?’ ಎಂಬುದಲ್ಲ, ‘ನೀನು ಯಾರ ಋಣದಲ್ಲಿದ್ದೀಯ?’ ಎಂಬುದು. ಆಟದ ನಿಯಮಪುಸ್ತಕಕ್ಕೂ ಇದು ಗೊತ್ತು. 2014ರ ಐದನೇ ಆವೃತ್ತಿಯಲ್ಲಿ ‘ಕ್ರಿಮಿನಲ್’ ಹಿನ್ನೆಲೆ ಆರಿಸಿಕೊಂಡವರಿಗೆ ಸಿಗುವ ವಿಶೇಷ ಸೌಲಭ್ಯ ಒಬ್ಬ ನಂಬಿಕಸ್ಥ ಸಂಪರ್ಕ ವ್ಯಕ್ತಿ. ಬೀದಿಯಲ್ಲಿ ಬೆಳೆದ ಮಗುವಿನ ಹಿನ್ನೆಲೆ ಆರಿಸಿದರೆ ಗಂಟಿನಲ್ಲಿ ಸಣ್ಣ ಚಾಕುವಿನ ಜತೆ ಊರಿನ ನಕಾಶೆ, ಸಾಕಿದ ಇಲಿ, ಹೆತ್ತವರ ನೆನಪಿನ ಒಂದು ವಸ್ತು. ಅನಾಥ ಮಗುವಿಗೂ ಬಂಧಗಳಿವೆ ಎಂದು ಆ ಪಟ್ಟಿಯೇ ಹೇಳುತ್ತದೆ.

ಈಗ ಒಂದು ಪಾತ್ರವನ್ನು ಕಟ್ಟೋಣ. ಅವಳು ಮನುಷ್ಯ ಜನಾಂಗದವಳು. ಈ ಒಂದೇ ಆಯ್ಕೆಯಿಂದ ಅರ್ಧ ಕಥೆ ಹೊರಡುತ್ತದೆ. 2014ರ ನಿಯಮಗಳಲ್ಲಿ ಡ್ವಾರ್ಫ್, ಎಲ್ಫ್ ಜನಾಂಗದವರಿಗೆ ಅರವತ್ತು ಅಡಿಯವರೆಗೆ ಕತ್ತಲಲ್ಲೂ ಕಾಣುತ್ತದೆ, ಬಣ್ಣವಿಲ್ಲದೆ, ಬರೀ ಬೂದು ಛಾಯೆಯಲ್ಲಿ. ಮನುಷ್ಯರಿಗೆ ಆ ಶಕ್ತಿಯಿಲ್ಲ. ಸೂರ್ಯ ಕಾಣದ ಊರಿನಲ್ಲಿ ಅವಳು ಬೆಳಕನ್ನೂ ಕೊಳ್ಳಬೇಕು. ಎಂದ ಮೇಲೆ ಅವಳ ಮೊದಲ ಸಾಲ ದೀಪದೆಣ್ಣೆಯದು. ಆ ಸಾಲ ತೀರಿಸಲು ಧಕ್ಕೆಯಲ್ಲಿ ಸರಕಿನ ಲೆಕ್ಕ ಬರೆಯುತ್ತಾಳೆ. ಪಾತ್ರದ ಸಾಮರ್ಥ್ಯಗಳಿಗೆ ನಿಯಮಪುಸ್ತಕ ಕೊಡುವ ಸಿದ್ಧ ಅಂಕಗಳಾದ 15, 14, 13, 12, 10, 8ರಲ್ಲಿ ಹದಿನೈದು ಕೈಚಳಕಕ್ಕೆ, ಹದಿನಾಲ್ಕು ಬುದ್ಧಿಗೆ ಹೋಗಲಿ. ಎಂಟು ದೇಹಬಲಕ್ಕೆ ಸಾಕು, ಮೂಟೆ ಹೊರುವವರು ಬೇರೆ ಇದ್ದಾರೆ. ಆಟದ ‘ರೋಗ್’, ಅಂದರೆ ಕಳ್ಳವಿದ್ಯೆಯ, ವರ್ಗದವಳಾದ್ದರಿಂದ ಸಾಮಾನ್ಯ ಮಾತಿನೊಳಗೆ ಸಂದೇಶ ಅಡಗಿಸುವ ಕಳ್ಳರ ಗುಪ್ತಭಾಷೆ ಬಲ್ಲಳು. 2014ರ ನಿಯಮದ ಪ್ರಕಾರ ಆ ಭಾಷೆಯಲ್ಲಿ ಒಂದು ಸಂಗತಿ ಹೇಳಲು ನೇರ ಮಾತಿನ ನಾಲ್ಕು ಪಟ್ಟು ಹೊತ್ತು ಬೇಕು. ಆಟಗಾರ್ತಿಗೆ ಇದೊಂದು ವರ. ಇವಳು ಹವಾಮಾನದ ಬಗ್ಗೆ ಉದ್ದಕ್ಕೆ ಮಾತಾಡಿದರೆ ಯಾರಿಗೋ ಅಪಾಯವಿದೆ ಎಂದರ್ಥ.

ಅವಳ ಲೆಕ್ಕದ ಪುಸ್ತಕದಲ್ಲಿ ಮನುಷ್ಯರೂ ಸರಕಾಗಿ ದಾಖಲಾಗಿದ್ದಾರೆ. ಒಂದು ದಿನ ಒಂದು ತಲೆ ಕಡಿಮೆ ಬರೆದಳು. ಯಾರೋ ಒಬ್ಬರು ತಪ್ಪಿಸಿಕೊಂಡರು. ಆಟದ ಪರಿಭಾಷೆಯಲ್ಲಿ ಅದು ಅವಳ ಬಂಧ. ಸಹಾಯ ಮಾಡಿದವರೆಲ್ಲ ಬಡ್ಡಿ ಕೇಳಲು ಬಂದೇ ಬರುತ್ತಾರೆ ಎಂಬ ಶಂಕೆ ಅವಳ ದೋಷ. ಮೇಲಿನ ನಗರಕ್ಕೆ ಹತ್ತಿ ಬಂದಾಗ ಅಲ್ಲಿನ ಆಳುವವರಲ್ಲಿ ಹೆಚ್ಚಿನವರು ಮುಖವಾಡ ಹಾಕಿಕೊಂಡೇ ಆಳುವುದನ್ನು ಕಾಣುತ್ತಾಳೆ. ಕಾನೂನು ಎಂದರೆ ಇದೇನಾ ಎಂದು ಅವಳು ಕೇಳಿದ ದಿನ ಆಟಕ್ಕೆ ಜೀವ ಬರುತ್ತದೆ.

ಇಲ್ಲೊಂದು ಎಚ್ಚರದ ಮಾತು. ಗುಲಾಮರ ಸಂತೆ ಆಟದ ಹಿನ್ನೆಲೆಗೆ ಬಳಿಯುವ ಬಣ್ಣವಲ್ಲ. ಮೇಜಿನ ಸುತ್ತ ಕೂತವರಲ್ಲಿ ಯಾರಿಗೆ ಅದು ಬರೀ ಕಥೆಯಲ್ಲವೋ ಹೇಳಲಾಗದು. ಆಟಕ್ಕೆ ಮುಂಚೆ ಎಲ್ಲರೂ ಕೂತು ಏನು ಬೇಕು, ಏನು ಬೇಡ ಎಂದು ಒಪ್ಪಿಕೊಳ್ಳುವ ‘ಸೆಷನ್ ಝೀರೋ’ ಪದ್ಧತಿ ಬೆಳೆದಿರುವುದು ಇದಕ್ಕಾಗಿಯೇ. ಕಾನೂನಿಲ್ಲದ ಊರನ್ನು ಆಡಲು ಕೂಡ ಆಡುವವರ ನಡುವೆ ಒಂದು ಕರಾರು ಬೇಕು.

ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಅಂಕಗಳು ಮತ್ತು ದಾಳಗಳು ಪಾತ್ರದ ಬಾಳನ್ನು ಎಷ್ಟು ಹೇಳಬಲ್ಲವು, ಎಲ್ಲಿ ಸೋಲುತ್ತವೆ? ಹಿಂಸೆಯ ಊರನ್ನು ಆಡುವಾಗ ಹಿಂಸೆಗೆ ಒಳಗಾದವರ ಪಾಲಿಗೆ ಎಷ್ಟು ಮಾತು ಬಿಡುತ್ತೇವೆ? ಕನ್ನಡದಲ್ಲಿ ಈ ಆಟ ಆಡುವವರು ಅರ್ಥಧಾರಿಗಳಿಂದ ಏನು ಕಲಿಯಬಹುದು? ಮೂರನೆಯದಕ್ಕೆ ಬೇರೆಲ್ಲಿಯವರೂ ಉತ್ತರ ಕೊಡಲಾರರು. ಅದು ನಮ್ಮದೇ ಹೊಣೆ. ಪ್ರಬಂಧಗಳು ಈ ಪ್ರಶ್ನೆಗಳನ್ನು ಹರಿತಗೊಳಿಸಲಿ, ಮಧ್ಯಾಹ್ನದ ಆಟದ ಮೇಜುಗಳು ಅವನ್ನು ಪರೀಕ್ಷೆಗೊಡ್ಡಲಿ.