ಏರಿದ್ದು ಯಾವುದು?



ಇಂಗ್ಲಿಷ್ ವ್ಯಾಕರಣವೆಂದರೆ ಹೆದರುತ್ತೀರಿ. ಆದರೆ ಕರ್ತೃಪದಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗಬೇಕೆಂಬ ನಿಯಮ ನಿಮಗೆ ಹೊಸದಲ್ಲ. 'ಹುಡುಗ ಬರುತ್ತಾನೆ, ಹುಡುಗಿ ಬರುತ್ತಾಳೆ, ಮಕ್ಕಳು ಬರುತ್ತಾರೆ' ಎಂದು ದಿನವೂ ಸರಿಯಾಗಿಯೇ ಆಡುತ್ತೀರಿ. ಇಂಗ್ಲಿಷಿನಲ್ಲಿ ಇಷ್ಟು ರೂಪಗಳೂ ಇಲ್ಲ: ಹುಡುಗನಿಗೂ ಹುಡುಗಿಗೂ 'ಕಮ್ಸ್', ಮಕ್ಕಳಿಗೆ 'ಕಮ್'.

ಹಾಗಾದರೆ ಎಡವುವುದೆಲ್ಲಿ? ಕೋಲಾರದ ಮಾರುಕಟ್ಟೆಯ ಮಾತನ್ನೇ ನೋಡಿ. 'ಟೊಮೆಟೊಗಳ ಬೆಲೆ ಏರಿದೆ' ಎನ್ನುವಾಗ ಬೆಲೆಯ ಪಕ್ಕದಲ್ಲೇ ಕ್ರಿಯಾಪದವಿದೆ. ಮನೆಯಲ್ಲಿ ತೆಲುಗು ಆಡುವವರದೂ ಅದೇ ಕ್ರಮ: 'ಟಮಾಟಾಲ ಧರ ಪೆರಿಗಿಂದಿ'. ಇಂಗ್ಲಿಷಿನಲ್ಲಿ 'ಪ್ರೈಸ್' ಮೊದಲೇ ಬಂದುಬಿಡುತ್ತದೆ; ಕ್ರಿಯಾಪದದ ಪಕ್ಕ 'ಟೊಮ್ಯಾಟೋಸ್' ಕೂರುತ್ತದೆ. ಅದನ್ನು ನೋಡಿ 'ಹ್ಯಾವ್' ಎಂದು ಬರೆಯುವವರು ಹಲವರು. ಏರಿದ್ದು ಯಾವುದು ಎಂದು ಕೇಳಿಕೊಳ್ಳಿ. ಬೆಲೆ, ಅದು ಏಕವಚನ. ಆದ್ದರಿಂದ 'ದಿ ಪ್ರೈಸ್ ಆಫ್ ಟೊಮ್ಯಾಟೋಸ್ ಹ್ಯಾಸ್ ರಿಸನ್'.

'ಅಪ್ಪ ಬರುತ್ತಾರೆ' ಎಂಬ ನಮ್ಮ ಗೌರವದ ಬಹುವಚನವೂ ಅಲ್ಲಿಲ್ಲ. ಅಪ್ಪ ಒಬ್ಬರೇ, ಹಾಗಾಗಿ 'ಮೈ ಫಾದರ್ ಕಮ್ಸ್'.

ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದರು, ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದರು. ಹಲವು ಭಾಷೆ ಈ ನೆಲಕ್ಕೆ ಭಾರವಲ್ಲ. ಧೈರ್ಯವಾಗಿ ಬರೆಯಿರಿ, ಬರೆದ ಮೇಲೆ ಒಮ್ಮೆ ಕರ್ತೃಪದವನ್ನು ಹುಡುಕಿ ನೋಡಿ.