ದಾವಣಗೆರೆಯ ಗಾಯಕನಟಿ ಚಿಂದೋಡಿ ಲೀಲಾ



ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಬಂಡಿಯು ಹರಿಹರವನ್ನು ಬಿಟ್ಟ ಒಡನೆಯೇ ತುಂಗಭದ್ರೆಯನ್ನು ದಾಟುತ್ತದೆ. ದಾಟುವುದಕ್ಕೆ ಹಿಡಿಯುವ ಕಾಲ ಅತ್ಯಲ್ಪ. ಆದರೆ 1956ನೆಯ ಇಸವಿಗೆ ಮುಂಚೆ ಈ ಹೊಳೆಯು ಎರಡು ಆಡಳಿತಗಳ ಎಲ್ಲೆಯಾಗಿದ್ದಿತು. ಈಚೆಯ ದಡ ಮೈಸೂರು ಸೀಮೆ, ಆಚೆಯ ದಡ ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆ. ನಾಟಕದವರಿಗಂತೂ ಇದು ಬರಿಯ ಸರ್ಕಾರದ ಗಡಿಯಲ್ಲ, ಕಿವಿಯ ಗಡಿಯೂ ಹೌದು. ಈಚೆ ಗುಬ್ಬಿ ಕಂಪನಿಯ ವೈಭವ, ಕರ್ಣಾಟಕ ಸಂಗೀತದ ನೆರಳು. ಆಚೆ ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕಕ್ಕೆ ಹಾಕಿದ ಪಂಕ್ತಿ, ಅದರ ಪಕ್ಕದಲ್ಲಿಯೇ ಮರಾಠಿ ಸಂಗೀತ ನಾಟಕಗಳ ಹಿಂದೂಸ್ತಾನಿ ರಾಗಗಳ ಹೊನಲು. ಹರಿಹರವೆಂದರೆ ಈಗ ಅನೇಕರಿಗೆ ಕಿರ್ಲೋಸ್ಕರ ಕಾರ್ಖಾನೆಯ ನೆನಪಾಗುತ್ತದೆ. ರಂಗಭೂಮಿಯ ಚರಿತ್ರೆಯನ್ನು ಬಲ್ಲವರಿಗೆ ಆ ಹೆಸರಿನಿಂದ ಮೊದಲು ನೆನಪಾಗುವವರು ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, 1880ರಲ್ಲಿ ಮರಾಠಿ ‘ಶಾಕುಂತಲ’ವನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕಡೆದು ನಿಲ್ಲಿಸಿದ ಊರು ಎರಡು ಸಂಗೀತ ಪದ್ಧತಿಗಳ ನಡುವೆ ನಿಂತುದು ಆಕಸ್ಮಿಕವೇ ಇರಬಹುದು, ಆದರೆ ಸೊಗಸಾದ ಆಕಸ್ಮಿಕ.

ಹೊಳೆಯ ಈಚೆಗೆ ಸ್ವಲ್ಪ ದೂರದಲ್ಲಿರುವ ದಾವಣಗೆರೆಯಲ್ಲಿ ಹುಟ್ಟಿ, ಆಚೆಯ ನಾಡನ್ನೆಲ್ಲ ಗೆದ್ದು ಬಂದ ಒಬ್ಬ ನಟಿಯ ವಿಚಾರವನ್ನು ಈ ಹೊತ್ತು ಅರಿಕೆ ಮಾಡುತ್ತೇನೆ. ಆಕೆ ಚಿಂದೋಡಿ ಲೀಲಾ ಅವರು.

ಲೀಲಾ ಅವರ ತಂದೆ ಚಿಂದೋಡಿ ವೀರಪ್ಪನವರು ಶ್ರೀ ಗುರು ಕರಿಬಸವ ರಾಜೇಂದ್ರ ನಾಟಕ ಮಂಡಲಿಯ ಸ್ಥಾಪಕರು. ಉದ್ದವಾದ ಹೆಸರನ್ನು ಜನ ಎಂದೂ ಸಹಿಸುವುದಿಲ್ಲವಾದುದರಿಂದ ಅದು ಕೆ. ಬಿ. ಆರ್. ಡ್ರಾಮಾ ಕಂಪನಿಯೆಂದೇ ಪ್ರಸಿದ್ಧವಾಯಿತು. ಕರಿಬಸವನೆಂಬುದು ಆ ಸೀಮೆಯಲ್ಲಿ ಮನೆಮನೆಯ ಹೆಸರು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಹೊಳೆಯ ದಡದ ಮೇಲೆ ಕರಿಬಸವೇಶ್ವರರ ಗದ್ದುಗೆಗೆ ನಡೆದುಕೊಳ್ಳುವ ಭಕ್ತರು ಅಸಂಖ್ಯರು. ದಾವಣಗೆರೆಯಾದರೋ ಆಗ ಹತ್ತಿಯ ಪೇಟೆ, ಗಿರಣಿಗಳ ಊರಾಗಿದ್ದಿತು. ಪಾಳಿ ಮುಗಿಸಿ ಬರುವ ಕೂಲಿಕಾರ, ಅಂಗಡಿಯ ಬಾಗಿಲೆಳೆದು ಬರುವ ವರ್ತಕ, ಹತ್ತಿ ಮಾರಿದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಬರುವ ಒಕ್ಕಲಿಗ, ಈ ಮೂವರನ್ನೂ ಒಂದೇ ಡೇರೆಯಲ್ಲಿ ಕೂರಿಸಬಲ್ಲ ನಾಟಕಕ್ಕೆ ಅಲ್ಲಿ ಅನ್ನವಿದ್ದಿತು, ಬಲ್ಲದ ನಾಟಕಕ್ಕೆ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕೆಯ ಜಾತ್ರೆ ಬಂದಿತೆಂದರೆ ನಾಟಕದವರಿಗೆ ಸುಗ್ಗಿ.

ಕಂಪನಿಯ ಮನೆಯಲ್ಲಿ ಬೆಳೆದ ಮಗುವಿಗೆ ಪಾಠಶಾಲೆಯೆಂಬುದು ಬೇರೆ ಬೇಕಾಗಿಯೇ ಇರಲಿಲ್ಲವೆಂದರೆ ತಪ್ಪಾದೀತು. ಆದರೆ ಕಂಪನಿಯೂ ಒಂದು ಪಾಠಶಾಲೆಯಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಮಂಡಲಿಯಲ್ಲಿ ಬಣ್ಣ ಹಚ್ಚಿದವರೇ. ಅಲ್ಲಿಯ ಪಾಠದ ಕ್ರಮ ಕಠಿನವಾದುದು. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಕಾಲು ಹಾರ್ಮೋನಿಯಮ್ಮಿನ ಏರುಶ್ರುತಿಗೆ ಕಂಠವನ್ನು ಸೇರಿಸಿ, ನೆಲದ ಮೇಲೆ ಕುಳಿತವನಿಗೂ ತಟ್ಟಿಯ ಗೋಡೆಗೆ ಒರಗಿ ಕೊನೆಯಲ್ಲಿ ನಿಂತವನಿಗೂ ಸಾಹಿತ್ಯ ಸ್ಪಷ್ಟವಾಗಿ ಕೇಳುವಂತೆ ಹಾಡಬೇಕು. ‘ಒನ್ಸ್ ಮೋರ್’ ಎಂದು ಕೂಗಿದರೆ, ಸತ್ತ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರೂ, ಹಾಡಿದ್ದನ್ನೇ ಮತ್ತೆ ಹಾಡಬೇಕು. ಹಾಡಿ ಮುಗಿದೊಡನೆ ಅದೇ ಉಸಿರಿನಲ್ಲಿ ಮಾತಿಗೆ ಇಳಿಯಬೇಕು. ಕಚೇರಿಯ ವಿದ್ವಾಂಸರು ರಂಗಗೀತೆಯನ್ನು ಲಘುವೆಂದು ಎಣಿಸುವುದುಂಟು; ಒಂದು ರಾತ್ರಿ ಈ ಶ್ರಮವನ್ನು ಪಟ್ಟು ನೋಡಿದವರು ಹಾಗೆ ಹೇಳಲಾರರೆಂದು ನನ್ನ ನಂಬಿಕೆ.

ಇನ್ನು ಹೆಂಗಸು ರಂಗಕ್ಕೆ ಬರುವ ಪ್ರಶ್ನೆ. ಮರಾಠಿಯಲ್ಲಿ ಬಾಲಗಂಧರ್ವರು ಸೀರೆಯುಟ್ಟು ನಿಂತರೆ ಕುಲಸ್ತ್ರೀಯರೇ ಅವರ ಉಡುಗೆಯನ್ನು ಅನುಸರಿಸುತ್ತಿದ್ದ ಕಾಲವೊಂದಿತ್ತು. ಅದಕ್ಕೂ ಮುಂಚೆಯೇ ಕೊಂಕಣಿಯ ‘ತಿಯಾತ್ರ’ ರಂಗದಲ್ಲಿ ರೆಜಿನಾ ಫೆರ್ನಾಂಡಿಸ್ ಎಂಬಾಕೆ, ನಾಟಕಕಾರನಾದ ತನ್ನ ಗಂಡ ಜುವಾಂವ್ ಆಗುಸ್ತಿನ್ಯು ಫೆರ್ನಾಂಡಿಸನ ನಾಟಕದಲ್ಲಿ, 1904ರಲ್ಲಿ ಮುಂಬಯಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣಾಗಿಯೇ ನಿಂತಳು. ಕೊಂಕಣಿಯ ರಂಗದ ಮೇಲೆ ಆಕೆಯೇ ಮೊದಲಿಗಳು. ಗಂಡನೇ ಕೈಹಿಡಿದು ಕರೆತಂದುದರಿಂದ ಲೋಕದ ಬಾಯಿಗೆ ಸ್ವಲ್ಪ ಬೀಗ ಬಿದ್ದಿತೆಂದು ತೋರುತ್ತದೆ. ಕನ್ನಡದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಒಂದು ಮಂಡಲಿಯನ್ನು ಕಟ್ಟಿದಳು. ಮುಂದೆ ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರ ಕಂಠವೂ ಅಭಿನಯವೂ ಸೇರಿ, ನಟಿಯೆಂದರೆ ಗೌರವದಿಂದ ನೋಡುವವರ ಸಂಖ್ಯೆಯನ್ನು ಹೆಚ್ಚಿಸಿದವು. ಲೀಲಾ ಅವರು ಬರುವ ಹೊತ್ತಿಗೆ ದಾರಿ ತೆರೆದಿತ್ತು, ಆದರೆ ಮುಳ್ಳು ತೆಗೆದಿರಲಿಲ್ಲ. ರಾತ್ರಿಯೆಲ್ಲ ಚಪ್ಪಾಳೆ ತಟ್ಟಿದ ಊರು ಬೆಳಗಾದ ಮೇಲೆ ಕಂಪನಿಯವರಿಗೆ ಮನೆ ಬಾಡಿಗೆಗೆ ಕೊಡಲು ಹಿಂದೆಗೆಯುವುದು ವೃತ್ತಿರಂಗಭೂಮಿಯ ಹಳೆಯ ಕಥೆ.

ತಂದೆಯ ಮಂಡಲಿಯಲ್ಲಿ ನಟಿಯಾಗಿ ಬೆಳೆದ ಈಕೆ ಅಷ್ಟಕ್ಕೇ ನಿಲ್ಲಲಿಲ್ಲ, ಮಂಡಲಿಯ ಒಡತಿಯಾದರು. ಈ ಎರಡನೆಯ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಅಡಿಗೆಯವರು, ಪರದೆ ಎಳೆಯುವವರು, ವಾದ್ಯದವರು, ನಟನಟಿಯರು ಎಲ್ಲರ ಕುಟುಂಬಗಳೂ ಒಂದು ಗಲ್ಲಾಪೆಟ್ಟಿಗೆಯನ್ನು ನೆಚ್ಚಿರುತ್ತವೆ. ಮಳೆ ಹಿಡಿದರೆ ವಸೂಲಿಲ್ಲ, ಸಂಬಳ ಮಾತ್ರ ತಪ್ಪುವಂತಿಲ್ಲ. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ತಗಡು, ಬೊಂಬು, ಪರದೆ, ಪೆಟ್ಟಿಗೆಗಳನ್ನು ಸಾಗಿಸುವುದರಲ್ಲಿಯೇ ಹಿಂದಿನ ಊರಿನ ಲಾಭ ಕರಗುತ್ತದೆ. ಲೈಸೆನ್ಸಿಗಾಗಿ ಕಚೇರಿಗಳ ಬಾಗಿಲು ಕಾಯಬೇಕು. ಇವನ್ನೆಲ್ಲ ಹಗಲು ನಿಭಾಯಿಸಿ, ರಾತ್ರಿ ಮುಖಕ್ಕೆ ಬಣ್ಣ ಹಚ್ಚಿ ಏನೂ ಅರಿಯದ ಹಳ್ಳಿಯ ಹುಡುಗಿಯಾಗಿ ನಗುತ್ತ ಬರಬೇಕು. ‘ಹಳ್ಳಿ ಹುಡುಗಿ’ ನಾಟಕದಿಂದ ಈಕೆಯ ಹೆಸರು ಎಷ್ಟು ದೂರ ಹೋಯಿತೆಂದರೆ, ದಾವಣಗೆರೆಯನ್ನು ಕಾಣದವರಿಗೂ ಚಿಂದೋಡಿ ಎಂಬ ಮನೆತನದ ಹೆಸರು ಪರಿಚಿತವಾಯಿತು.

‘ಪೊಲೀಸನ ಮಗಳು’ ಇನ್ನೂ ಮುಂದೆ ಹೋಯಿತು. ಬೆಳಗಾವಿಯಲ್ಲಿ ಅದು ಸಾವಿರಕ್ಕೂ ಮೀರಿ ಪ್ರದರ್ಶನ ಕಂಡಿತು. ದಿನಕ್ಕೊಂದು ಆಟದಂತೆ ಬಿಡದೆ ಆಡಿದರೂ ಸಾವಿರ ಆಟಗಳಿಗೆ ಎರಡೂಮುಕ್ಕಾಲು ವರ್ಷ ಹಿಡಿಯುತ್ತದೆ. ಬೆಳಗಾವಿಯೋ, ಮರಾಠಿ ಮತ್ತು ಕನ್ನಡಗಳ ತಿಕ್ಕಾಟಕ್ಕೆ ಹೆಸರಾದ ಊರು. ಅಲ್ಲಿ ಕನ್ನಡದ ಪರವಾಗಿ ಭಾಷಣ ಮಾಡಿದವರು ಅನೇಕರು. ಈಕೆ ಭಾಷಣ ಮಾಡದೆ ಟಿಕೆಟ್ಟು ಮಾರಿದರು. ಜನ ಕಾಸು ಕೊಟ್ಟು ಕನ್ನಡ ಕೇಳಿದರು. ಹರಿಹರದ ಸೇತುವೆಯನ್ನು ದಾಟಿ ಹೋದ ಕಂಪನಿಗಳು ಹಲವು ಇದ್ದರೂ ಆಚೆಯ ದಡದಲ್ಲಿ ಹೀಗೆ ಬೇರು ಬಿಟ್ಟವು ವಿರಳ.

ಈ ನಾಟಕಗಳಿಗೆ ಸಾಹಿತ್ಯ ವಿಮರ್ಶಕರು ಹೆಚ್ಚಿನ ಬೆಲೆ ಕಟ್ಟಿಲ್ಲ. ಕಥೆಯಲ್ಲಿ ಸಂಭವಕ್ಕಿಂತ ಚಮತ್ಕಾರ ಹೆಚ್ಚು, ಹಾಸ್ಯಗಾರನಿಗೆ ಕೊಟ್ಟ ಸ್ವಾತಂತ್ರ್ಯ ಅಳತೆ ಮೀರಿದ್ದು ಎಂಬ ಆಕ್ಷೇಪಣೆ ವೃತ್ತಿನಾಟಕಗಳ ಮೇಲೆ ಹಿಂದಿನಿಂದಲೂ ಉಂಟು. ಆಕ್ಷೇಪಣೆ ನಿರಾಧಾರವಾದುದೇನೂ ಅಲ್ಲ. ಆದರೆ ನನಗೆ ಅದಕ್ಕಿಂತ ಹೆಚ್ಚಿನ ನಷ್ಟವಾಗಿ ಕಾಣುವುದು ಹಾಡಿನ ನಷ್ಟ. ವಾಕ್ಚಿತ್ರವು ಬಂದ ಮೇಲೆ ಪ್ರೇಕ್ಷಕನು ಅಲ್ಲಿ ಕೇಳಿದ ಧಾಟಿಯನ್ನೇ ರಂಗದ ಮೇಲೂ ಬೇಡಲಾರಂಭಿಸಿದನು. ರಾಗಕ್ಕಾಗಿ ಕಾಯುವ ತಾಳ್ಮೆ ಅವನಿಗೆ ಉಳಿಯಲಿಲ್ಲ. ಪೌರಾಣಿಕ ನಾಟಕಗಳ ಜಾಗಕ್ಕೆ ಸಾಮಾಜಿಕ ನಾಟಕಗಳು ಬಂದಂತೆ ಹಾಡುಗಳ ಸಂಖ್ಯೆಯೂ ಇಳಿಯಿತು. ಹಾಡಬಲ್ಲ ನಟಿಯರಿಗೆ ಹಾಡುವ ಅವಕಾಶ ವರ್ಷ ವರ್ಷಕ್ಕೂ ಕಿರಿದಾಯಿತು.

ಲೀಲಾ ಅವರು ಆ ವಾಕ್ಚಿತ್ರದ ಮೇಲೆ ಮುನಿಯಲಿಲ್ಲ. 1961ರ ‘ಕಿತ್ತೂರು ಚೆನ್ನಮ್ಮ’ದಿಂದ ಮೊದಲುಗೊಂಡು 1971ರ ‘ಶರಪಂಜರ’ವೇ ಮುಂತಾದ ಚಿತ್ರಗಳಲ್ಲಿ ಅಭಿನಯಿಸಿದರು, ಆದರೆ ಡೇರೆಯನ್ನು ಬಿಡಲಿಲ್ಲ. 1988ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನಿತ್ತಿತು. ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷ ಪೀಠವೂ ದೊರೆಯಿತು. ಕಂಪನಿಯವರಿಗೆ ಮನೆ ಕೊಡಲು ಅನುಮಾನಿಸುತ್ತಿದ್ದ ಸಮಾಜವೇ ಕಂಪನಿಯ ಹೆಂಗಸೊಬ್ಬಳನ್ನು ನಾಡಿನ ನಾಟಕಸಂಸ್ಥೆಯ ಮುಖ್ಯಸ್ಥಾನದಲ್ಲಿ ಕೂರಿಸಿತು.

ಸಂಗೀತದ ಋಣವನ್ನು ಚಿಂದೋಡಿ ಮನೆತನ ಮರೆಯಲಿಲ್ಲವೆಂಬುದಕ್ಕೆ 1995ರಲ್ಲಿ ತೆರೆಕಂಡ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವೇ ಸಾಕ್ಷಿ. ಅದನ್ನು ನಿರ್ದೇಶಿಸಿದವರು ಅದೇ ಮನೆತನದ ಚಿಂದೋಡಿ ಬಂಗಾರೇಶರು. ಕಣ್ಣಿಲ್ಲದ ಗುರುವೊಬ್ಬರು ಕಣ್ಣಿಲ್ಲದ ಅನಾಥ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟು ಸಾಕಿದ ಕಥೆ ಅದು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಗದುಗಿನ ಆಶ್ರಮದ ಖರ್ಚಿಗಾಗಿ ಒಂದು ನಾಟಕ ಮಂಡಲಿಯನ್ನೇ ನಡೆಸಿದರು. ಡ್ರಾಮಾ ಕಂಪನಿಯ ಗಲ್ಲಾಪೆಟ್ಟಿಗೆ ಎಂಥ ಕಾರ್ಯಕ್ಕೆ ಒದಗಬಲ್ಲದೆಂಬುದನ್ನು ಬಲ್ಲ ಮನೆತನಕ್ಕೆ ತಕ್ಕ ವಸ್ತು. ಆ ಚಿತ್ರದ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು.

ಲೀಲಾ ಅವರು 2010ನೆಯ ಇಸವಿ ಜನವರಿಯಲ್ಲಿ ತೀರಿಕೊಂಡರು. ಪುಟ್ಟರಾಜ ಗವಾಯಿಗಳು ತೀರಿಕೊಂಡುದೂ ಅದೇ ವರ್ಷದಲ್ಲಿಯೇ.